ಕಪ್ಪು ಎರಡು

ಸ್ವರವನ್ನು ಯಾಕೆ ಅಷ್ಟೊಂದು ತಳ್ಳುತ್ತೀರಿ ಎಂದು ಕೇಳುವವರು ಈಗ ಬಹಳ. ಕಾರ್ಯಕ್ರಮ ಮುಗಿಸಿ ವೇದಿಕೆ ಇಳಿಯುವಾಗಲೇ ತಡೆದು ನಿಲ್ಲಿಸಿ ಕೇಳುತ್ತಾರೆ. ಗಿಟಾರಿನ ತಂತಿಯನ್ನು ಬೆರಳಿನಿಂದ ಪಕ್ಕಕ್ಕೆ ಒತ್ತಿದರೆ ಸ್ವರ ಮೇಲಕ್ಕೇರುತ್ತದೆ. ಬ್ಲೂಸ್ ನುಡಿಸುವವರೆಲ್ಲ ಮಾಡುವ ಕೆಲಸ ಅದು. ನಾನು ಅದನ್ನು ಅತಿ ಮಾಡುತ್ತೇನಂತೆ, ನೆಟ್ಟಗೆ ನಿಲ್ಲಬೇಕಾದ ಸ್ವರವನ್ನೂ ಕೆಳಗಿನಿಂದ ಎಳೆದು ತರುತ್ತೇನಂತೆ. ಒಬ್ಬರು ಇದು ಯಕ್ಷಗಾನದ ಪ್ರಭಾವ ಎಂದು ಪತ್ರಿಕೆಯಲ್ಲಿ ಬರೆದರು. ಇನ್ನೊಬ್ಬರು ಕಡಲ ತೀರದ ಅಲೆಗಳ ಏರಿಳಿತ ಎಂದರು. ಅಲೆಯಂತೆ! ಕಾವೂರಿನ ನಮ್ಮ ಮನೆಯಿಂದ ಸಮುದ್ರ ಕಾಣುವುದೇ ಇಲ್ಲ. ಕಾಣುವುದು ಪಕ್ಕದ ಮನೆಯ ನೀರಿನ ಟ್ಯಾಂಕಿ, ಅದರ ಮೇಲಿಂದ ಇಳಿಯುವ ವಿಮಾನ. ನಾನು ಯಾರನ್ನೂ ತಿದ್ದಲು ಹೋಗಲಿಲ್ಲ. ನಿಜ ಹೇಳಬೇಕಾದರೆ ಅಪ್ಪನ ವಿಷಯ ಹೇಳಬೇಕಾಗುತ್ತದೆ, ಅದು ವೇದಿಕೆಯ ಮೆಟ್ಟಿಲಲ್ಲಿ ನಿಂತು ಹೇಳುವ ವಿಷಯವಲ್ಲ.

ಅಪ್ಪನಿಗೆ ಕಾವೂರಿನಲ್ಲಿ ಸಣ್ಣದೊಂದು ಹಾರ್ಡ್‌ವೇರ್ ಅಂಗಡಿ. ಮೊಳೆ, ಪೈಪು, ಪೈಂಟು ಮಾರುವ ಆ ಮನುಷ್ಯನನ್ನು ಊರಿನವರು ಗುರುತಿಸುತ್ತಿದ್ದುದು ಮಾತ್ರ ಶನಿವಾರದ ಭಜನೆಯಿಂದ. ಮಂದಿರದಲ್ಲಿ ಹಾರ್ಮೋನಿಯಂ ಅವರದ್ದು, ಮೊದಲ ದನಿಯೂ ಅವರದ್ದೇ. ಅವರ ಶ್ರುತಿ ಕಪ್ಪು ಎರಡು. ನಮ್ಮ ಕಡೆ ಭಜನೆಯವರು, ಯಕ್ಷಗಾನದವರು ಶ್ರುತಿಗೆ ಇಂಗ್ಲಿಷ್ ಅಕ್ಷರದ ಹೆಸರು ಹೇಳುವುದಿಲ್ಲ. ಹಾರ್ಮೋನಿಯಂನ ಮನೆಗಳನ್ನು, ಅಂದರೆ ಒತ್ತುವ ಪಟ್ಟಿಗಳನ್ನು, ಎಣಿಸಿ ಬಿಳಿ ಒಂದು, ಬಿಳಿ ಐದು, ಕಪ್ಪು ಮೂರು ಎನ್ನುತ್ತಾರೆ. ಎರಡನೇ ಕಪ್ಪು ಮನೆಯಿಂದ ಷಡ್ಜ ಹಿಡಿದು ಹಾಡುವವರದ್ದು ಕಪ್ಪು ಎರಡು. ಅಪ್ಪ ಅದನ್ನು ತನ್ನ ಜಾತಕದ ನಕ್ಷತ್ರ ಹೇಳುವಷ್ಟು ಗಂಭೀರವಾಗಿ ಹೇಳುತ್ತಿದ್ದರು. ಬೇರೆಯವರ ದನಿ ಒಂದು ಕೂದಲೆಳೆಯಷ್ಟು ಜಾರಿದರೂ ಅವರ ಮುಖ ಹುಳಿ ತಿಂದ ಹಾಗಾಗುತ್ತಿತ್ತು. ಮದುವೆ ಮನೆಯಲ್ಲಿ ಯಾರಾದರೂ ಶ್ರುತಿ ತಪ್ಪಿ ಹಾಡಿದರೆ ಊಟ ಬಿಟ್ಟು ಎದ್ದು ಹೋದದ್ದೂ ಉಂಟು. ಅಮ್ಮ ಆ ಕಾರಣಕ್ಕೆ ಅವರ ಜೊತೆ ಮದುವೆಗಳಿಗೆ ಹೋಗುವುದನ್ನೇ ನಿಲ್ಲಿಸಿದ್ದರು.

ಗಿಟಾರು ನಮ್ಮ ಮನೆಗೆ ಬಂದದ್ದು ಪಕ್ಕದ ಮನೆಯ ಟೀಚರಿಂದ. ಅವರು ಕೊಂಕಣಿ ಮಾತಾಡುವ ಕ್ರಿಶ್ಚಿಯನ್ನರು, ನನಗೆ ಹೈಸ್ಕೂಲಿನಲ್ಲಿ ಲೆಕ್ಕ ಕಲಿಸಿದವರು. ಕದ್ರಿಯಲ್ಲಿ ಫ್ಲ್ಯಾಟು ತೆಗೆದುಕೊಂಡು ಹೋಗುವಾಗ ಕಪಾಟಿನ ಮೇಲಿದ್ದ ಗಿಟಾರನ್ನು ನನ್ನ ಕೈಗೆ ಕೊಟ್ಟು, "ನಮ್ಮಲ್ಲಿ ಯಾರೂ ಮುಟ್ಟುವುದಿಲ್ಲ, ನೀನಾದರೂ ಕಲಿ" ಎಂದರು. ಒಂದು ತಂತಿಯನ್ನು ಗಿಟಾರಿನ ಕೊರಳಿನ ಮೇಲಿನ ಐದನೇ ಲೋಹದ ಗೆರೆಯ ಹಿಂದೆ ಒತ್ತಿದರೆ ಪಕ್ಕದ ತಂತಿಯ ಸ್ವರ ಸಿಗುತ್ತದೆ, ಒಂದು ಕಡೆ ಮಾತ್ರ ನಾಲ್ಕನೆಯದು ಎಂದೂ ತೋರಿಸಿದರು. ಹಾಗಾದರೆ ಎಲ್ಲಕ್ಕೂ ಮೊದಲಿನ ದಪ್ಪ ತಂತಿಯ ಸ್ವರ ಯಾವುದು? ಅದನ್ನು ಅವರು ಹೇಳಿದ್ದರೋ ಇಲ್ಲವೋ ನನಗೆ ನೆನಪಿಲ್ಲ. ಅಪ್ಪನಿಗೆ ಆ ಪ್ರಶ್ನೆ ಹುಟ್ಟಲೇ ಇಲ್ಲ. ಮೊದಲ ತಂತಿ ಎಂದ ಮೇಲೆ ಷಡ್ಜ, ಷಡ್ಜ ಎಂದ ಮೇಲೆ ಕಪ್ಪು ಎರಡು. ಹಾರ್ಮೋನಿಯಂ ಒತ್ತಿ, ಗಿಟಾರಿನ ಮರಕ್ಕೆ ಕಿವಿಯಿಟ್ಟು, ಕಣ್ಣು ಮುಚ್ಚಿ ತಿರುಗಣೆ ತಿರುಗಿಸಿದರು. ಉಳಿದ ಐದು ತಂತಿಗಳು ಅದರ ಬೆನ್ನಿಗೆ ಬಂದವು. ಲೋಕದ ಗಿಟಾರುಗಳೆಲ್ಲ ಬಿಳಿ ಮೂರರಿಂದ ಶುರುವಾಗುತ್ತವೆ ಎಂಬುದು ನಮ್ಮ ಮನೆಯಲ್ಲಿ ಯಾರಿಗೂ ಗೊತ್ತಿರಲಿಲ್ಲ. ನಮ್ಮದು ಅರ್ಧ ಸ್ವರ ಕೆಳಗೆ ಕೂತುಬಿಟ್ಟಿತು.

ಬ್ಲೂಸ್ ನನಗೆ ಸಿಕ್ಕಿದ್ದು ಮೊಬೈಲಿನಲ್ಲಿ, ಏನನ್ನೋ ಹುಡುಕುವಾಗ. ಯಾರೋ ಒಬ್ಬರು ಕಣ್ಣು ಮುಚ್ಚಿ ಒಂದೇ ತಂತಿಯನ್ನು ಹಿಂಸೆಯಾಗುವಷ್ಟು ನಿಧಾನವಾಗಿ ಎಳೆಯುತ್ತಿದ್ದರು. ಅದನ್ನು ಕೇಳಿ ನನಗೆ ಸಿಟ್ಟು ಬಂತು. ಇಷ್ಟು ದಿನ ಇದನ್ನು ಯಾಕೆ ಯಾರೂ ನನಗೆ ಹೇಳಿರಲಿಲ್ಲ ಎಂಬ ಸಿಟ್ಟು. ಅಂದಿನಿಂದ ಊಟ ನಿದ್ದೆ ಎಲ್ಲ ಅದೇ. ಕೇಳಿ ಕೇಳಿ ನುಡಿಸಿದೆ. ವಿಚಿತ್ರವೆಂದರೆ, ನಾನು ಮೆಚ್ಚಿದ ಹೆಚ್ಚಿನ ಹಾಡುಗಳು ನನ್ನ ಗಿಟಾರಿಗೆ ಸರಿಯಾಗಿ ಹೊಂದುತ್ತಿದ್ದವು. ಕೆಲವು ಹೊಂದುತ್ತಿರಲಿಲ್ಲ. ಅವು ರೆಕಾರ್ಡಿಂಗೇ ಕೆಟ್ಟು ಹೋದ ಹಾಡುಗಳು ಎಂದುಕೊಂಡು ಬಿಟ್ಟುಬಿಟ್ಟೆ. ಅಪ್ಪನ ಮಗಳು ನಾನು, ತಪ್ಪು ನನ್ನ ಕಡೆ ಇರಬಹುದು ಎಂದು ಹೇಗೆ ಹೊಳೆಯಬೇಕು?

ಅಪ್ಪನಿಗೆ ಆ ಸಂಗೀತ ಹಿಡಿಸಲಿಲ್ಲ. ಆದರೆ ಶ್ರುತಿ ಸರಿಯಿದ್ದುದರಿಂದ ಸಹಿಸಿಕೊಂಡರು. ಶನಿವಾರ ಮಂದಿರದಲ್ಲಿ ಅವರ ಹಾರ್ಮೋನಿಯಂ ಪಕ್ಕ ಕೂತು ಗಿಟಾರು ನುಡಿಸಲು ನನ್ನನ್ನು ಕರೆದುಕೊಂಡು ಹೋಗುತ್ತಿದ್ದರು. ಭಜನೆಗೆ ಗಿಟಾರಾ ಎಂದು ಮೂಗು ಮುರಿದವರ ಬಾಯನ್ನು ಅವರೇ ಮುಚ್ಚಿಸಿದರು. ಅದೊಂದು ಗಂಟೆ ನಾವಿಬ್ಬರೂ ಜಗಳವಿಲ್ಲದೆ ಇರುತ್ತಿದ್ದೆವು. ವಾರದ ಉಳಿದ ಹೊತ್ತಿನ ಬಗ್ಗೆ ಅದೇ ಮಾತು ಹೇಳಲಾರೆ.

ಓದು ಮುಗಿಸಿ ಕೊಡಿಯಾಲ್‌ಬೈಲಿನ ಒಬ್ಬ ವಕೀಲರ ಆಫೀಸಿನಲ್ಲಿ ಟೈಪಿಂಗ್ ಕೆಲಸಕ್ಕೆ ಸೇರಿದೆ. ಸಂಬಳದಲ್ಲಿ ಒಂದು ಹಳೆಯ ಎಲೆಕ್ಟ್ರಿಕ್ ಗಿಟಾರು ಕೊಂಡೆ, ಅದೂ ಕಪ್ಪು ಎರಡರಲ್ಲೇ ಕೂತಿತು. ಅಷ್ಟರಲ್ಲಿ ಅಕ್ಕನ ಗಂಡ ಮಸ್ಕತ್‌ನಲ್ಲಿ ತಮ್ಮ ಕಂಪನಿಯಲ್ಲೇ ನನಗೊಂದು ಕೆಲಸ ನೋಡಿದರು. ಅಪ್ಪನಿಗೆ ಸಂತೋಷವೋ ಸಂತೋಷ. ನನಗೆ ಹೋಗಲು ಮನಸ್ಸಿರಲಿಲ್ಲ. ಯಾಕೆಂದರೆ ಅದೇ ತಿಂಗಳು ಮದುವೆ ರಿಸೆಪ್ಷನ್‌ಗಳಿಗೆ ನುಡಿಸುವ ಒಂದು ಬ್ಯಾಂಡಿನಲ್ಲಿ ಗಿಟಾರಿನವರ ಜಾಗ ಖಾಲಿಯಾಗುವುದಿತ್ತು. ಇದ್ದವನು ದುಬೈಗೆ ಹೊರಟಿದ್ದ. ಬ್ಯಾಂಡಿನ ಯಜಮಾನರು ನಿವೃತ್ತ ಸಂಗೀತ ಮೇಷ್ಟ್ರು, ಕದ್ರಿಯಲ್ಲಿ ಮನೆ. ಮದುವೆಗಳಲ್ಲದೆ ಬೇರೆ ಊರಿನ ಸಂಗೀತ ಉತ್ಸವಗಳಿಗೂ ಅವರಿಗೆ ಕರೆಯಿತ್ತು, ಅಲ್ಲಿ ಅವರು ಬ್ಲೂಸ್ ನುಡಿಸುತ್ತಿದ್ದರು. ನನಗೆ ಬೇಕಾಗಿದ್ದುದು ಅದೊಂದೇ ಜಾಗ. ಮಂಗಳೂರಿನಲ್ಲಿ ನನಗೆ ಗೊತ್ತಿದ್ದಂತೆ ಅಂಥ ಜಾಗ ಇನ್ನೊಂದಿರಲಿಲ್ಲ.

ಮೊದಲ ದಿನ ಮೇಷ್ಟ್ರು ಕೀಬೋರ್ಡಿನ ಮುಂದೆ ಕೂತು, "'ಇ' ಮೇಜರ್ ಕಾರ್ಡ್ ನುಡಿಸು" ಎಂದರು. ನುಡಿಸಿದೆ. ಅವರೂ ಜೊತೆಗೆ ಒತ್ತಿದರು. ತಗಡು ಎಳೆದ ಹಾಗಾಯಿತು.

"ಎಂತ ಇದು? ಟ್ಯೂನ್ ಮಾಡು ಮಾರಾಯ್ತಿ."

"ಟ್ಯೂನ್ ಉಂಟು ಸರ್."

"ಎಲ್ಲಿ ಉಂಟು?"

"ಕಪ್ಪು ಎರಡರಲ್ಲಿ."

ಡ್ರಮ್ಮಿನವ ಜೋರಾಗಿ ನಕ್ಕ. ಅವನು ನಾನು ಗಿಟಾರಿನ ಬಣ್ಣ ಹೇಳಿದೆ ಎಂದುಕೊಂಡಿದ್ದನಂತೆ. ಮೇಷ್ಟ್ರು ನಗಲಿಲ್ಲ. ನನ್ನನ್ನು ಗೋಡೆಯ ಕಡೆ ತಿರುಗಿ ನಿಲ್ಲಲು ಹೇಳಿ ಒಂದೊಂದೇ ಮನೆ ಒತ್ತಿದರು. ನಾನು ಬಿಳಿ ಆರು ಎಂದೆ, ಕಪ್ಪು ನಾಲ್ಕು ಎಂದೆ, ಬಿಳಿ ಎರಡು ಎಂದೆ. ಎಷ್ಟು ಹೊತ್ತು ಒತ್ತಿದರೂ ನಾನು ತಪ್ಪಲಿಲ್ಲ. ಆಮೇಲೆ ಅವರು ಕುರ್ಚಿಗೆ ಒರಗಿ ವಿಷಯ ಬಿಡಿಸಿ ಹೇಳಿದರು. ನಿನಗೆ ಕಿವಿ ಉಂಟು, ಆದರೆ ನಿನ್ನ ಗಿಟಾರು ಹುಟ್ಟಿದಂದಿನಿಂದ ಅರ್ಧ ಸ್ವರ ಕೆಳಗೆ ಉಂಟು ಎಂದರು. ನೀನು ಕೇಳಿದ ಬ್ಲೂಸಿನವರಲ್ಲಿ ತುಂಬ ಜನ ಬೇಕೆಂದೇ ಹಾಗೆ ಇಳಿಸಿ ನುಡಿಸುತ್ತಾರೆ, ಅದಕ್ಕೇ ನಿನಗೆ ಹೊಂದಿದ್ದು ಎಂದರು. "ಇಲ್ಲಿ ಬರುವುದಾದರೆ ಏರಿಸಿಕೊಂಡು ಬರಬೇಕು. ಮತ್ತೆ ಇನ್ನೊಂದು. ಸೌಂಡ್ ಚೆಕ್ ಆದ ಮೇಲೆ ಯಾರೂ ಇನ್‌ಸ್ಟ್ರುಮೆಂಟ್ ಮುಟ್ಟಬಾರದು. ಮುಟ್ಟಿದವರು ಮನೆಗೆ. ಇಬ್ಬರನ್ನು ಕಳಿಸಿದ್ದೇನೆ, ಕೇಳು ಬೇಕಾದ್ರೆ."

ಬಸ್ಸಿನಲ್ಲಿ ಕಾವೂರಿಗೆ ಹಿಂದಿರುಗುವಾಗ ಅಪ್ಪನಿಗೆ ಇದನ್ನು ಹೇಗೆ ಹೇಳುವುದೆಂದು ಯೋಚಿಸಿದೆ. ಅವರಲ್ಲಿದ್ದ ದೊಡ್ಡ ಆಸ್ತಿ ಎಂದರೆ ಆ ಕಿವಿ. ನೀವು ಕಿವಿಯಿಟ್ಟು ಕೂರಿಸಿದ ಮೊದಲ ತಂತಿಯೇ ತಪ್ಪು, ಅದಕ್ಕಾಗಿ ನಾನು ನಗೆಪಾಟಲಾದೆ ಎಂದು ಹೇಳಲು ಬಾಯಿ ಬರಲಿಲ್ಲ. ಹಾಗಾಗಿ ಕದ್ರಿಗೆ ಹೋಗುವಾಗ ಏರಿಸಿದೆ, ಕಾವೂರಿಗೆ ಬರುವಾಗ ಇಳಿಸಿದೆ. ತಂತಿಗಳು ಹೀಗೆ ಏರಿ ಇಳಿದು ಪಟ್ಟನೆ ಹರಿಯುತ್ತಿದ್ದವು. ಕೈಗೂ ಕಷ್ಟ. ಬೆರಳು ಅದೇ ಜಾಗದಲ್ಲಿ ಕೂತರೂ ಕಿವಿಗೆ ಬೇರೆಯೇ ಸ್ವರ ಬೀಳುತ್ತಿತ್ತು. ಎಡಗಾಲಿನ ಚಪ್ಪಲಿಯನ್ನು ಬಲಗಾಲಿಗೆ ಹಾಕಿಕೊಂಡು ಓಡಿದ ಹಾಗೆ ಇತ್ತು.

ಪರೀಕ್ಷೆಗೆಂದು ಮೇಷ್ಟ್ರು ಆರಿಸಿದ ಮದುವೆ ನನಗೆ ಗಿಟಾರು ಕೊಟ್ಟ ಟೀಚರ ಮಗನದ್ದು. ಅರ್ಧ ರಿಸೆಪ್ಷನ್ ಹಳೆಯ ಗಿಟಾರಿನವನು, ಆಮೇಲೆ ಒಂದು ನಿಧಾನದ ಬ್ಲೂಸ್ ನಾನು. ಅದು ಮೇಷ್ಟ್ರಿಗೆ ಒಪ್ಪಿಗೆಯಾದರೆ ಜಾಗ ನನ್ನದು. ಮನೆಯಲ್ಲಿ ಹೇಳಿದಾಗ ಅಪ್ಪ ಅಂಗಡಿಯ ಬೀಗದ ಕೈಯನ್ನು ಮೇಜಿನ ಮೇಲೆ ತಿರುಗಿಸುತ್ತಾ ಕೂತಿದ್ದರು.

"ಆ ಮದುವೆಗೆ ನನಗೂ ಹೇಳಿಕೆ ಉಂಟು," ಎಂದರು. "ಬರ್ತೇನೆ. ಕೇಳ್ತೇನೆ. ಒಂದು ಸಲ, ಒಂದೇ ಒಂದು ಸಲ ಶ್ರುತಿ ತಪ್ಪಿದ್ರೂ ನೀನು ಅದನ್ನು ಬಿಡಬೇಕು. ಮಸ್ಕತ್‌ಗೆ ಹೋಗಬೇಕು. ಶ್ರುತಿ ತಪ್ಪಿದವರಿಗೆ ವೇದಿಕೆಯಲ್ಲಿ ಎಂತ ಕೆಲಸ? ತಪ್ಪದಿದ್ರೆ ಮತ್ತೆ ನಾನು ಆ ಸುದ್ದಿ ಎತ್ತುವುದಿಲ್ಲ. ಒಪ್ಪಿಗೆ ಉಂಟಾ?"

"ಉಂಟು," ಎಂದೆ. ಸಿಟ್ಟಿನಲ್ಲಿ ಹೇಳಿದ್ದು. ಸಿಟ್ಟಿನಲ್ಲಿ ಕೊಟ್ಟ ಮಾತೂ ಮಾತೇ, ಅದು ನಮ್ಮ ಮನೆಯ ಕಾನೂನು. ಅಮ್ಮ ಒಳಗಿನಿಂದ, "ನೀವಿಬ್ಬರೂ ಒಂದೇ ಅಚ್ಚು" ಎಂದು ಗೊಣಗಿದರು.

ಮದುವೆಯ ದಿನ ಬೆಳಿಗ್ಗೆ ಇಗರ್ಜಿಯಲ್ಲಿ ಪಾದ್ರಿಗಳ ಪೂಜೆ ನಡೆಯುತ್ತಿದ್ದಾಗ ನಾವು ಪಕ್ಕದ ಮದುವೆ ಹಾಲಿನಲ್ಲಿ ಸೌಂಡ್ ಚೆಕ್ ಮುಗಿಸಿದೆವು. ನನ್ನ ಗಿಟಾರು ಮೇಷ್ಟ್ರ ಕೀಬೋರ್ಡಿಗೆ ಕೂದಲೆಳೆಯಷ್ಟೂ ವ್ಯತ್ಯಾಸವಿಲ್ಲದೆ ಹೊಂದಿತು. ಬ್ಯಾಂಡಿನ ಉಳಿದವರು ತಿಂಡಿಗೆ ಹೋದರು, ನಾನು ಅದನ್ನು ಸ್ಟ್ಯಾಂಡಿನಲ್ಲಿ ನಿಲ್ಲಿಸಿ, ಬಟ್ಟೆ ಬದಲಿಸಲು ಹಿಂದಿನ ಕೋಣೆಗೆ ಹೋದೆ. ಅಲ್ಲೇ ಕೂತು ಎರಡು ಲೋಟ ಚಹಾ ಕುಡಿದೆ. ಹಿಂದಿರುಗುವಷ್ಟರಲ್ಲಿ ಹಾಲಿನಲ್ಲಿ ಜನ ತುಂಬಲು ಶುರುವಾಗಿತ್ತು, ಊಟದವರು ಮೇಜುಗಳನ್ನು ಸರಿಸುತ್ತಿದ್ದರು.

ಅಪ್ಪ ಮುಂದಿನ ಮೇಜೊಂದರಲ್ಲಿ ಬಿಳಿ ಪಂಚೆ, ಇಸ್ತ್ರಿ ಹಾಕಿದ ಅಂಗಿ ತೊಟ್ಟು ಕೂತಿದ್ದರು. ಸುತ್ತಲೂ ಸೂಟು ಬೂಟಿನವರು. ನನ್ನನ್ನು ನೋಡಿ ಬಲಗಿವಿಯನ್ನು ಬೆರಳಿನಿಂದ ಮುಟ್ಟಿ, ಅಂಗೈ ಎತ್ತಿ ತೋರಿಸಿದರು. ಕೇಳುತ್ತಿದ್ದೇನೆ, ಎಚ್ಚರ ಎಂಬ ಬೆದರಿಕೆ ಎಂದು ನಾನು ತಿಳಿದೆ. ನಾನೂ ಗಲ್ಲ ಎತ್ತಿ ಮುಖ ತಿರುಗಿಸಿದೆ.

ವಧೂವರರು ಬಂದರು, ಕೇಕ್ ಕತ್ತರಿಸಿದರು, ಗ್ಲಾಸು ಎತ್ತಿ ಹರಸುವ ಟೋಸ್ಟ್ ಆಯಿತು, ಮೊದಲ ಕುಣಿತವೂ ಆಯಿತು. ನಾನು ಸ್ಪೀಕರಿನ ಪಕ್ಕ ಕುರ್ಚಿಯ ಅಂಚಿನಲ್ಲಿ ಕೂತು ಎಲ್ಲವನ್ನೂ ನೋಡಿದೆ, ಏನೂ ಕಾಣಲಿಲ್ಲ. ಗಿಟಾರು ನನ್ನಿಂದ ಒಂದು ಮಾರು ದೂರದಲ್ಲಿತ್ತು. ಮುಟ್ಟಿ ನೋಡಬೇಕೆಂದು ಕೈ ತುರಿಸುತ್ತಿತ್ತು. ಮುಟ್ಟಿದವರು ಮನೆಗೆ. ಮುಟ್ಟಲಿಲ್ಲ. ಆಮೇಲೆ ಹಳೆಯ ಗಿಟಾರಿನವನು ಬೆವರು ಒರೆಸುತ್ತಾ ಇಳಿದ, ಮೇಷ್ಟ್ರು ನನ್ನ ಕಡೆ ನೋಡಿ ತಲೆ ಆಡಿಸಿದರು. ಪಟ್ಟಿಯನ್ನು ಹೆಗಲಿಗೆ ಹಾಕಿಕೊಳ್ಳುವಷ್ಟರಲ್ಲಿ ಡ್ರಮ್ಮಿನವ ಕೋಲು ಬಡಿದು ಲೆಕ್ಕ ಹಾಕಿಯಾಗಿತ್ತು.

ಆರೂ ತಂತಿ ಒಟ್ಟಿಗೆ ಮೀಟಿದೆ.

ಅಂಥ ಶಬ್ದವನ್ನು ನಾನು ಜೀವನದಲ್ಲಿ ಮತ್ತೆ ಮಾಡಿಲ್ಲ. ಕದ್ರಿಯಲ್ಲಿ ಮೊದಲ ದಿನ ಆದದ್ದಕ್ಕಿಂತ ಕೆಟ್ಟದ್ದು, ಏಕೆಂದರೆ ಈ ಸಲ ಗಿಟಾರು ತನ್ನೊಳಗೇ ಒಡೆದು ಹೋಗಿತ್ತು. ಕುಣಿಯಲು ಎದ್ದಿದ್ದವರು ನಿಂತರು. ಮೇಷ್ಟ್ರ ತಲೆ ಸರಕ್ಕನೆ ಮೇಲೆದ್ದಿತು. ನನ್ನ ಕಣ್ಣು ಹೋದದ್ದು ಅಪ್ಪನ ಕಡೆಗೆ. ತೊಡೆಯ ಮೇಲೆ ತಾಳ ಹಾಕುತ್ತಿದ್ದ ಅವರ ಕೈ ಗಾಳಿಯಲ್ಲೇ ನಿಂತಿತ್ತು. ಮುಗಿಯಿತು ಎಂದುಕೊಂಡೆ. ಒಂದೇ ಒಂದು ಸಲ ಎಂದಿದ್ದರು. ಆ ಒಂದು ಸಲ ಮೊದಲ ಪೆಟ್ಟಿಗೇ ಆಗಿಹೋಗಿತ್ತು.

ಹೋದದ್ದು ಹೋಯಿತು, ಇನ್ನು ಹೆದರಿಕೆ ಯಾಕೆ ಎಂಬ ಒಂದು ಹಟ ಬಂತು. ಬ್ಯಾಂಡ್ ನಿಲ್ಲಿಸಿರಲಿಲ್ಲ. ದಪ್ಪ ತಂತಿಯನ್ನು ಮೆಲ್ಲಗೆ ಮುಟ್ಟಿದೆ. ಇಳಿದಿತ್ತು. ಪಕ್ಕದ್ದು, ಅದೂ ಇಳಿದಿತ್ತು. ಅದರ ಪಕ್ಕದ್ದೂ, ಅದರಾಚೆಯದ್ದೂ. ಕೊನೆಯ ಎರಡು ಸಣ್ಣ ತಂತಿಗಳು ಮಾತ್ರ ನಾನು ಬಿಟ್ಟಲ್ಲೇ ಇದ್ದವು. ಆರೂ ಇಳಿದಿದ್ದರೆ ಕೈಯನ್ನು ಒಂದು ಗೆರೆ ಮುಂದೆ ಸರಿಸಿ ಪಾರಾಗಬಹುದಿತ್ತು. ಇದು ಅರ್ಧ ಕಾವೂರು, ಅರ್ಧ ಕದ್ರಿ. ಇದನ್ನು ಹಿಡಿದು ಹಾಡಿನ ಕೊನೆಯವರೆಗೆ ಹೋಗುವುದು ಹೇಗೆ?

ತಂತಿಗೊಂದು ಲೆಕ್ಕ ಹಾಕಿ ಗೆರೆ ಬದಲಿಸುವಷ್ಟು ಹೊತ್ತಿರಲಿಲ್ಲ, ನಾನೊಬ್ಬಳೇ ಮುಂದಾಗಿ ನುಡಿಸಬೇಕಾದ ಸೋಲೋ ಶುರುವಾಗಿಯೇ ಬಿಟ್ಟಿತು. ಎರಡು ಸಣ್ಣ ತಂತಿಗಳಲ್ಲಿ ನೇರವಾಗಿ ನುಡಿಸಿದೆ. ಉಳಿದ ತಂತಿಗಳಿಗೆ ಹೋಗಬೇಕಾದಲ್ಲೆಲ್ಲ ಸ್ವರವನ್ನು ಅರ್ಧ ಮೆಟ್ಟಿಲು ಮೇಲಕ್ಕೆ ತಳ್ಳಿದೆ. ಪ್ರತಿಯೊಂದು ಸ್ವರವೂ ಕೆಳಗೆ ಹುಟ್ಟುತ್ತಿತ್ತು, ಅದನ್ನು ಬೆರಳಿನ ಬಲದಿಂದ ಎತ್ತಿ ಶ್ರುತಿಗೆ ತಂದು ನಿಲ್ಲಿಸಬೇಕಿತ್ತು. ಒಂದು ಎಳೆ ಹೆಚ್ಚಾಗುವಂತಿಲ್ಲ, ಒಂದು ಎಳೆ ಕಡಿಮೆಯಾಗುವಂತಿಲ್ಲ. ನಡುಬೆರಳಿನ ತುದಿ ಹರಿದು ತಂತಿ ಜಾರತೊಡಗಿತು. ಬಟ್ಟೆಗೆ ಒರೆಸಿ ಮತ್ತೆ ಒತ್ತಿದೆ. ಅಷ್ಟು ಭಯದಲ್ಲಿ, ಅಷ್ಟು ಎಚ್ಚರದಲ್ಲಿ ನಾನು ಹಿಂದೆಂದೂ ನುಡಿಸಿರಲಿಲ್ಲ. ಯಾವಾಗಲೋ ಜನ ಮತ್ತೆ ಕುಣಿಯತೊಡಗಿದ್ದರು. ಯಾರೋ ಸಿಳ್ಳೆ ಹಾಕಿದರು. ಹಾಡು ಮುಗಿದಾಗ ಚಪ್ಪಾಳೆಯೂ ಬಂತು. ಅಪ್ಪ ಚಪ್ಪಾಳೆ ತಟ್ಟಲಿಲ್ಲ. ಎರಡೂ ಕೈಗಳನ್ನು ಮೇಜಿನ ಮೇಲಿಟ್ಟು ತಟ್ಟೆಯನ್ನು ನೋಡುತ್ತಿದ್ದರು.

ಜನ ಊಟಕ್ಕೆ ಏಳುತ್ತಲೇ ಮೇಷ್ಟ್ರು ನನ್ನ ಕೈಯಿಂದ ಗಿಟಾರು ತೆಗೆದುಕೊಂಡು ಒಂದೊಂದೇ ತಂತಿ ಮೀಟಿ ನೋಡಿದರು. ಅವರ ಮುಖ ಕೆಂಪಾಯಿತು.

"ಚೆಕ್ ಆದ ಮೇಲೆ ಯಾರು ಮುಟ್ಟಿದ್ದು?"

ನನಗೆ ಅಷ್ಟರಲ್ಲಿ ಗೊತ್ತಾಗಿತ್ತು. ಸಡಿಲಾದ ತಂತಿ ಹೇಗೋ ಎಲ್ಲಿಗೋ ಇಳಿಯುತ್ತದೆ. ಇವು ನಾಲ್ಕೂ ಅಳೆದು ಇಟ್ಟ ಹಾಗೆ ಅರ್ಧ ಸ್ವರ ಇಳಿದಿದ್ದವು, ದಪ್ಪ ತಂತಿ ಸರಿಯಾಗಿ ಕಪ್ಪು ಎರಡರಲ್ಲಿ ಕೂತಿತ್ತು. ಹಾಗೆ ಕೂರಿಸುವವರು ಆ ಹಾಲಿನಲ್ಲಿ ಒಬ್ಬರೇ ಇದ್ದರು. ಕಿವಿ ಮುಟ್ಟಿ ಅಂಗೈ ತೋರಿಸಿದ್ದು ಬೆದರಿಕೆಯಲ್ಲ, ಎಲ್ಲ ಸರಿ ಮಾಡಿಟ್ಟಿದ್ದೇನೆ ಎಂಬ ಭರವಸೆ. ಸಿಟ್ಟು ನೆತ್ತಿಗೇರಿತು. ಬೇರೆ ಯಾರಾದರೂ ಆಗಿದ್ದರೆ ಹಾಲಿನ ಸೂರು ಹಾರಿ ಹೋಗುವಂತೆ ಕೂಗುತ್ತಿದ್ದೆ. ಆದರೆ ನನ್ನಪ್ಪ ಶ್ರುತಿ ಕೆಡಿಸಿದರು ಎಂದು ಆ ಜನರ ಮುಂದೆ ಹೇಳುವುದೆಂದರೆ ಅವರ ಪಂಚೆ ಎಳೆದ ಹಾಗೆ. ನನ್ನಿಂದ ಆಗಲಿಲ್ಲ.

"ನಾನೇ ಸರ್," ಎಂದೆ.

"ನೀನೇ? ಯಾಕೆ?"

ಮೇಷ್ಟ್ರು ಗಿಟಾರನ್ನು ನನ್ನ ಕೈಗೆ ವಾಪಸು ಕೊಟ್ಟರು. "ಚಂದ ನುಡಿಸ್ತಿ. ಆದ್ರೆ ನಾನು ಹೇಳಿದ್ದೆ ಅಲ್ವಾ? ಮನೆಗೆ ಹೋಗು."

ಆಗ ಅಪ್ಪ ವೇದಿಕೆಯ ಮೆಟ್ಟಿಲು ಹತ್ತಿ ಬಂದರು. ಚಪ್ಪಲಿಯನ್ನು ಕೆಳಗೆ ಬಿಟ್ಟು ಬಂದಿದ್ದರು, ಮಂದಿರಕ್ಕೆ ಬಂದವರ ಹಾಗೆ.

"ಅವಳಲ್ಲ ಮಾಸ್ಟ್ರೇ. ಮುಟ್ಟಿದ್ದು ನಾನು. ಅವಳ ಅಪ್ಪ."

"ನೀವಾ? ಎಂತಕ್ಕೆ?"

"ಶ್ರುತಿ ಏರಿತ್ತು. ಗಡಿಬಿಡಿಯಲ್ಲಿ ನೋಡ್ಲಿಲ್ಲ ಅಂತ ಕಾಣ್ತದೆ ಅಂದ್ಕೊಂಡೆ. ಮೊಬೈಲಿನ ಶ್ರುತಿಪೆಟ್ಟಿಗೆ ಇಟ್ಟು ಸರಿ ಮಾಡ್ತಾ ಇದ್ದೆ. ನಾಲ್ಕು ಆಗುವಾಗ ಊಟದವರು ಮೇಜು ತಂದ್ರು, ಏಳ್ಬೇಕಾಯ್ತು. ಉಳಿದ ಎರಡು ಸಣ್ಣದಲ್ವಾ, ಯಾರಿಗೂ ಗೊತ್ತಾಗ್ಲಿಕ್ಕಿಲ್ಲ ಅಂತ ಬಿಟ್ಟೆ."

ಮೇಷ್ಟ್ರು ಅವರನ್ನು ಮೇಲಿನಿಂದ ಕೆಳಗೆ ನೋಡಿದರು. "ಕಪ್ಪು ಎರಡಕ್ಕಾ?"

"ಹೌದು. ನಿಮಗೆ ಹೇಗೆ ಗೊತ್ತು?"

ಇಷ್ಟು ದಿನ ನಾನು ಮುಚ್ಚಿಟ್ಟಿದ್ದನ್ನು ಮೇಷ್ಟ್ರು ಎರಡು ಮಾತಿನಲ್ಲಿ ಹೇಳಿ ಮುಗಿಸಿದರು. ಕೆಟ್ಟ ಮನಸ್ಸಿನಿಂದಲ್ಲ, ಪಾಠ ಹೇಳುವ ಅಭ್ಯಾಸದಿಂದ. ಗಿಟಾರಿನ ದಪ್ಪ ತಂತಿ ಬಿಳಿ ಮೂರಕ್ಕೆ ಇರಬೇಕು, ಎಲ್ಲ ಕಡೆ ಹಾಗೇ, ನಿಮ್ಮ ಮಗಳು ಇಲ್ಲಿ ಬರುವಾಗ ಏರಿಸಿಕೊಂಡೇ ಬರುತ್ತಿದ್ದಳು. ಅಪ್ಪ ಒಂದೊಂದು ಮಾತಿಗೂ ತಲೆ ಆಡಿಸಿದರು. ಆಮೇಲೆ ನನ್ನ ಕಡೆ ತಿರುಗಿದರು.

"ನನಗೆ ಯಾಕೆ ಹೇಳ್ಲಿಲ್ಲ ನೀನು?"

ಮೇಷ್ಟ್ರು ನನ್ನ ಎಡಗೈಯನ್ನು ಹಿಡಿದು ಬೆರಳ ತುದಿಯನ್ನು ನೋಡಿದರು, ಗಿಟಾರನ್ನು ನೋಡಿದರು. "ಈ ಅವಸ್ಥೆಯಲ್ಲಿ ಆ ಸೋಲೋ ನುಡಿಸಿದ್ದಾ ಮಾರಾಯ್ತಿ?" ಎಂದು ತಲೆ ಅಲ್ಲಾಡಿಸಿ ನಕ್ಕರು. "ಭಾನುವಾರ ಇನ್ನೊಂದು ಮದುವೆ ಉಂಟು, ಬಾ. ಅಪ್ಪನನ್ನು ಕರ್ಕೊಂಡು ಬರುವುದಾದ್ರೆ ಕೈ ಕಟ್ಟಿ ಕರ್ಕೊಂಡು ಬಾ."

ಅಪ್ಪ ನಗಲಿಲ್ಲ. ಬಸ್ಸಿನಲ್ಲಿ ಕಿಟಕಿಯ ಪಕ್ಕ ಕೂತು ಕಾವೂರಿನವರೆಗೂ ಹೊರಗೆ ನೋಡಿದರು. ಜಾಗ ಸಿಕ್ಕಿತ್ತು, ಆದರೆ ಮಾತು ಬಾಕಿಯಿತ್ತು. ಒಂದು ಸಲ ಶ್ರುತಿ ತಪ್ಪಿದ್ದಂತೂ ನಿಜ. ಯಾರಿಂದ ಎಂಬ ತಕರಾರಿಗೆ ನಮ್ಮ ಮನೆಯ ಕಾನೂನಿನಲ್ಲಿ ಜಾಗವಿತ್ತೋ ಇಲ್ಲವೋ ನನಗೆ ಗೊತ್ತಿರಲಿಲ್ಲ. ಮನೆಗೆ ಬಂದವರು ಅಂಗಿ ಕಳಚಿ, ಅಕ್ಕನ ಗಂಡನಿಗೆ ಫೋನು ಮಾಡಿ, "ಅವಳು ಬರುವುದಿಲ್ಲ ಮಾರಾಯ್ರೆ, ಬೇರೆ ಯಾರನ್ನಾದ್ರೂ ನೋಡಿ" ಎಂದರು. ಅಷ್ಟೇ. ಅಮ್ಮ ನನ್ನ ಬೆರಳಿಗೆ ಅರಸಿನ ಹಚ್ಚುತ್ತಾ ಅಳುತ್ತಿದ್ದರು, ನನಗೂ ಅಳು ಬಂತು. ಗೆದ್ದೆ ಎಂದುಕೊಂಡೆ.

ಶನಿವಾರ ನಾನು ಗಿಟಾರನ್ನು ಕಪ್ಪು ಎರಡಕ್ಕೆ ಇಳಿಸಿಕೊಂಡು ಮಂದಿರಕ್ಕೆ ಹೋದೆ. ಹಾರ್ಮೋನಿಯಂ ಮುಂದೆ ಬೇರೆ ಒಬ್ಬರು ಕೂತಿದ್ದರು, ಭಜನಾ ಮಂಡಳಿಯ ಕಾರ್ಯದರ್ಶಿ. ಅಪ್ಪ ಹಿಂದಿನ ಸಾಲಿನಲ್ಲಿ, ಗೋಡೆಗೆ ಒರಗಿ, ಕೈಯಲ್ಲಿ ತಾಳ ಹಿಡಿದಿದ್ದರು. ಗಂಟಲು ಸರಿಯಿಲ್ಲವಂತೆ ಎಂದು ಯಾರೋ ಹೇಳಿದರು. ಗಂಟಲಿಗೆ ಏನೂ ಆಗಿರಲಿಲ್ಲ, ಬೆಳಿಗ್ಗೆ ಅಂಗಡಿಯಲ್ಲಿ ಗಿರಾಕಿಯೊಬ್ಬನಿಗೆ ಬೈದದ್ದು ರಸ್ತೆಯ ಆಚೆಗೂ ಕೇಳಿತ್ತು. ನಾನು ಹೋಗಿ ಅವರ ಪಕ್ಕ ಕೂತೆ.

"ಎಂತ ಇದು ಅಪ್ಪ? ಎದುರು ಹೋಗಿ ಕೂತ್ಕೊಳ್ಳಿ."

"ಇಲ್ಲ."

"ಎಷ್ಟು ದಿನ?"

"ಶ್ರುತಿ ತಪ್ಪಿದವರು ಬಿಡಬೇಕು ಅಂತ ಹೇಳಿದ್ದು ನಾನೇ ಅಲ್ವಾ? ತಪ್ಪಿದ್ದು ಯಾರು? ನೀನಾ?"

"ಅದು ನನಗೆ ಹಾಕಿದ ಷರತ್ತು. ನಿಮಗಲ್ಲ."

"ನಿನಗೊಂದು ನ್ಯಾಯ, ನನಗೊಂದು ನ್ಯಾಯವಾ?"

ನನಗೆ ತಡೆಯಲಾಗಲಿಲ್ಲ. ಸುತ್ತಲಿದ್ದವರು ಕೇಳಿದರೆ ಕೇಳಲಿ ಎಂದು ಇದ್ದದ್ದನ್ನು ಇದ್ದ ಹಾಗೆ ಹೇಳಿದೆ. "ನಾನಾಗಿದ್ರೆ ಬಿಡ್ತಿರ್ಲಿಲ್ಲ ಅಪ್ಪ. ಮಾತು ಕೊಟ್ಟದ್ದು ಹೌದು. ಸೋತಿದ್ರೂ ಬಿಡ್ತಿರ್ಲಿಲ್ಲ. ನಾನು ಬಿಡದೆ ಇರುವುದನ್ನು ನೀವು ಯಾಕೆ ಬಿಡಬೇಕು?"

ಅವರಿಗೆ ಕೋಪ ಬರುತ್ತದೆ ಎಂದು ಕಾದೆ. ಅವರು ತಾಳದ ಹಗ್ಗವನ್ನು ಬೆರಳಿಗೆ ಸುತ್ತಿಕೊಳ್ಳುತ್ತಿದ್ದರು.

"ಗೊತ್ತುಂಟು," ಎಂದರು. "ನೀನು ಬಿಡುವವಳಲ್ಲ, ನಾನು ಹೇಳಿದ್ದನ್ನು ವಾಪಸು ತಗೊಳ್ಳುವವನಲ್ಲ. ನೀನು ಅಲ್ಲಿ ಸೋತಿದ್ರೆ ಮತ್ತೆ ಒಂದೇ ಮನೆಯಲ್ಲಿ ನಾವಿಬ್ಬರು ಇರುವುದು ಹೇಗೆ? ಅದಕ್ಕೇ ಅಲ್ವಾ ನಾನು ಬೇಗ ಬಂದು ಶ್ರುತಿ ಮಾಡಿದ್ದು."

ಮುಂದೆ ಕಾರ್ಯದರ್ಶಿಗಳು ಹಾರ್ಮೋನಿಯಂ ಒತ್ತಿದರು. ಅವರ ಶ್ರುತಿ ಬಿಳಿ ಎರಡು. ಎಲ್ಲರೂ ಹಾಡತೊಡಗಿದರು. ಅಪ್ಪ ತಾಳ ಹಾಕಿದರು, ಬಾಯಿ ತೆರೆಯಲಿಲ್ಲ.